ಸಿಯಾಂಗ್ ಕಾಡಿನಲ್ಲಿ ಒಂದು ಡಕೋಟಾ

ಮೋಹನ್‌ಬಾರಿ, ಬೋಗಿಬೀಲ್, ಪಾಸಿಘಾಟ್

ದಿಬ್ರುಗಢದ ವಿಮಾನ ನಿಲ್ದಾಣ ಇರುವ ಜಾಗದ ಹೆಸರು ಮೋಹನ್‌ಬಾರಿ. ಸುತ್ತ ಟೀ ತೋಟ, ಸಣ್ಣ ನಿಲ್ದಾಣ. ಇಳಿದವರೆಲ್ಲ ಬ್ಯಾಗ್ ಎತ್ತಿಕೊಂಡು ಟ್ಯಾಕ್ಸಿ ಹಿಡಿದು ಹೊರಟರು. ನಾನು ಮತ್ತು ಭಾವ ಮಾತ್ರ ಹೊರಗೆ ಬಂದು, ಬೇಲಿಯಾಚೆಯ ಬಯಲನ್ನು ನೋಡುತ್ತಾ ಸ್ವಲ್ಪ ಹೊತ್ತು ನಿಂತೆವು. ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಇಲ್ಲಿಂದ, ಹತ್ತಿರದ ಚಾಬುವಾದಿಂದ, ದಿನ್‌ಜಾನ್‌ನಿಂದ, ಸೂಕೆರಾಟಿಂಗ್‌ನಿಂದ ಅಮೆರಿಕದ ಸರಕು ವಿಮಾನಗಳು ಹಗಲೂ ರಾತ್ರಿಯೂ ಚೀನಾದ ಕುನ್‌ಮಿಂಗ್ ಕಡೆಗೆ ಹಾರುತ್ತಿದ್ದವು. ನಾವು ಹುಡುಕಿಕೊಂಡು ಬಂದಿದ್ದು ಅವುಗಳಲ್ಲಿ ವಾಪಸ್ ಬರದೇ ಹೋದವುಗಳನ್ನು.

1942ರಲ್ಲಿ ಜಪಾನಿನ ಸೈನ್ಯ ಬರ್ಮಾ ಹಿಡಿದಾಗ ಚೀನಾಕ್ಕೆ ಹೋಗುವ ರಸ್ತೆ ಮುಚ್ಚಿತು. ಮದ್ದುಗುಂಡು, ಪೆಟ್ರೋಲ್, ಔಷಧಿ, ಬಿಡಿಭಾಗ ಎಲ್ಲವನ್ನೂ ಹಿಮಾಲಯದ ಪೂರ್ವದ ತುದಿ ದಾಟಿಸಿ ಆಕಾಶದಲ್ಲೇ ಒಯ್ಯಬೇಕಾಯಿತು. ಪೈಲಟ್‌ಗಳು ಈ ದಾರಿಯನ್ನು ಹಂಪ್, ಅಂದರೆ ಡುಬ್ಬ, ಎಂದು ಕರೆದರು. 1945ರಲ್ಲಿ ನಿಲ್ಲಿಸುವ ಹೊತ್ತಿಗೆ ಸುಮಾರು 6.5 ಲಕ್ಷ ಟನ್ ಸಾಮಾನು ದಾಟಿತ್ತು. ಸುಮಾರು 600 ವಿಮಾನಗಳು ಬಿದ್ದಿದ್ದವು. ಶತ್ರುವಿನ ಗುಂಡಿಗೆ ಬಿದ್ದದ್ದಕ್ಕಿಂತ ಗಾಳಿಗೆ, ರೆಕ್ಕೆಯ ಮೇಲೆ ಕಟ್ಟಿಕೊಂಡ ಮಂಜುಗಡ್ಡೆಗೆ, ದಾರಿ ತಪ್ಪಿ ಪೆಟ್ರೋಲ್ ಮುಗಿದದ್ದಕ್ಕೆ ಬಿದ್ದದ್ದೇ ಜಾಸ್ತಿ. ಅವುಗಳಲ್ಲಿ ಎಷ್ಟೋ ವಿಮಾನಗಳು ಅರುಣಾಚಲದ ಕಾಡಿನಲ್ಲೇ ಇವೆ.

ನಾನು ಪೀಣ್ಯದಲ್ಲಿ ಶೀಟ್ ಮೆಟಲ್ ಕೆಲಸ ಮಾಡುವವನು. ಭಾವ ತೀರ್ಥಹಳ್ಳಿ ಕಡೆಯ ಅಡಿಕೆ ತೋಟದವರು. ನನಗೆ ತಗಡು ಗೊತ್ತು, ಅವರಿಗೆ ಕಾಡು ಗೊತ್ತು.

ದಿಬ್ರುಗಢದಿಂದ ಬ್ರಹ್ಮಪುತ್ರ ದಾಟಲು ಈಗ ದೋಣಿಗೆ ಕಾಯಬೇಕಿಲ್ಲ. 2018ರಲ್ಲಿ ಶುರುವಾದ ಬೋಗಿಬೀಲ್ ಸೇತುವೆ ಹತ್ತಿರ ಹತ್ತಿರ ಐದು ಕಿಲೋಮೀಟರ್ ಉದ್ದ. ಮೇಲೆ ರಸ್ತೆ, ಕೆಳಗೆ ರೈಲು. ನವೆಂಬರ್ ಆದ್ದರಿಂದ ನದಿ ಇಳಿದಿತ್ತು, ಮರಳ ದಿಬ್ಬಗಳು ಎದ್ದಿದ್ದವು. ಸಿಲಾಪಥಾರ್, ಜೋನಾಯ್ ದಾಟಿ ಅರುಣಾಚಲದ ಗಡಿಯ ರುಕ್ಸಿನ್ ಗೇಟ್ ಮುಟ್ಟಿದಾಗ ಆಗಲೇ ಕತ್ತಲು. ಇಲ್ಲಿ ಚಳಿಗಾಲದಲ್ಲಿ ಸಂಜೆ ನಾಲ್ಕೂವರೆಗೆಲ್ಲ ಸೂರ್ಯ ಮುಳುಗಿಬಿಡುತ್ತಾನೆ. ದಿನದ ಲೆಕ್ಕಾಚಾರವನ್ನೆಲ್ಲ ಎರಡು ಗಂಟೆ ಹಿಂದಕ್ಕೆ ಜರುಗಿಸಿಕೊಳ್ಳಬೇಕು. ಗೇಟ್‌ನಲ್ಲಿ ಹೊರರಾಜ್ಯದವರಿಗೆ ಬೇಕಾದ ಇನ್ನರ್ ಲೈನ್ ಪರ್ಮಿಟ್ ತೋರಿಸಿದೆವು. ಅದು ಆನ್‌ಲೈನ್‌ನಲ್ಲೇ ಸಿಗುತ್ತದೆ, ಆದರೂ ನಾಲ್ಕೈದು ಪ್ರಿಂಟ್ ತೆಗೆಸಿಟ್ಟುಕೊಳ್ಳಿ. ಮುಂದೆ ಮೊಬೈಲ್ ಚಾರ್ಜ್ ಇಲ್ಲದ ಕಡೆ ಕಾಗದವೇ ಕೆಲಸಕ್ಕೆ ಬಂತು.

ಪಾಸಿಘಾಟ್‌ನಲ್ಲಿ ಉಳಿದುಕೊಂಡ ಮನೆಯ ಆಂಟಿ ಊಟಕ್ಕೆ ಬಾಳೆಎಲೆಯಂಥ ದೊಡ್ಡ ಎಲೆಯಲ್ಲಿ ಸುತ್ತಿದ ಬಿಸಿ ಅನ್ನದ ಪೊಟ್ಟಣ ಕೊಟ್ಟರು. ಜೊತೆಗೆ ಬೇಯಿಸಿದ ಸೊಪ್ಪು, ಶುಂಠಿ ಹಾಕಿದ ಮೀನಿನ ತಿಳಿಸಾರು. ಎಣ್ಣೆ ಇಲ್ಲ, ಮಸಾಲೆ ಇಲ್ಲ. ಪಕ್ಕದಲ್ಲಿ ಕಳಲೆ ಇತ್ತು. ಭಾವನ ಮುಖ ಅರಳಿತು. "ಇಷ್ಟು ದೂರ ಬಂದು ಕಳಲೆ ತಿಂತೀವಲ್ಲ ಮಾರಾಯ," ಎಂದು ಎರಡು ಸಲ ಹಾಕಿಸಿಕೊಂಡರು. ಇಲ್ಲಿಯವರು ಅದನ್ನು ಹುಳಿ ಬರಿಸಿ ತಿಂಗಳುಗಟ್ಟಲೆ ಇಡುತ್ತಾರೆ. ವಾಸನೆ ಸ್ವಲ್ಪ ಜೋರು, ರುಚಿ ಮಾತ್ರ ನಾಲಿಗೆ ಬಿಡುವುದಿಲ್ಲ.

ಮರುದಿನ, ಮ್ಯೂಸಿಯಂನಲ್ಲಿ

ಪಾಸಿಘಾಟ್‌ನಲ್ಲಿ ಹಂಪ್ ವಿಮಾನಗಳಿಗಾಗಿಯೇ ಒಂದು ಮ್ಯೂಸಿಯಂ ಇದೆ. 2023ರ ನವೆಂಬರ್‌ನಲ್ಲಿ ಮುಖ್ಯಮಂತ್ರಿ ಪೆಮಾ ಖಂಡು ಮತ್ತು ಆಗಿನ ಅಮೆರಿಕದ ರಾಯಭಾರಿ ಎರಿಕ್ ಗಾರ್ಸೆಟಿ ಸೇರಿ ಉದ್ಘಾಟಿಸಿದ್ದರು. ಕಾಡಿಗೆ ಹೋಗುವ ಮುಂಚೆ ಇಲ್ಲಿ ಅರ್ಧ ದಿನ ಕಳೆಯಲೇಬೇಕು ಎನ್ನುವುದು ನನ್ನ ಮಾತು. ಸೊಟ್ಟಗಾದ ಪ್ರೊಪೆಲ್ಲರ್, ಎಂಜಿನ್ ತುಂಡು, ತಗಡಿನ ಚೂರು ಎಲ್ಲವನ್ನೂ ಕೈಯಳತೆಯಲ್ಲಿ ನೋಡಬಹುದು. ಆಮೇಲೆ ಕಾಡಿನಲ್ಲಿ ಪಾಚಿ ಮುಚ್ಚಿದ ಲೋಹ ಕಂಡಾಗ ಅದು ಏನೆಂದು ಗುರುತು ಸಿಗುತ್ತದೆ.

ಅಲ್ಲಿದ್ದ ಸಿಬ್ಬಂದಿಯೊಬ್ಬರು ಎಲ್ಲಿಂದ ಬಂದಿರಿ ಎಂದು ಕೇಳಿದರು. ಬೆಂಗಳೂರು ಎಂದೆ. "ಹಾಗಾದರೆ ಈ ವಿಮಾನಗಳಲ್ಲಿ ಕೆಲವು ನಿಮ್ಮೂರಿಗೂ ಬಂದು ಹೋಗಿರಬೇಕು," ಎಂದರು. ನಿಜ. ವಾಲ್‌ಚಂದ್ ಹೀರಾಚಂದ್ 1940ರ ಡಿಸೆಂಬರ್‌ನಲ್ಲಿ ಮೈಸೂರು ಸಂಸ್ಥಾನದ ಜೊತೆ ಸೇರಿ ಕಟ್ಟಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು 1943ರಲ್ಲಿ ಅಮೆರಿಕದ ಸೇನಾ ವಿಮಾನದಳ ನಡೆಸಲು ತೆಗೆದುಕೊಂಡಿತು. 84ನೇ ಏರ್ ಡಿಪೋ ಎಂದು ಹೆಸರಿಟ್ಟರು. ಈ ಭಾಗದಲ್ಲಿ ಹಾರುತ್ತಿದ್ದ ಅಮೆರಿಕದ ವಿಮಾನಗಳ ದೊಡ್ಡ ರಿಪೇರಿಗಳು ಅಲ್ಲಿ ನಡೆದವು. ನಮ್ಮ ಕೋಲಾರ, ಹೊಸಕೋಟೆ, ಬೆಂಗಳೂರಿನ ಹುಡುಗರು ರಿವೆಟ್ ಹೊಡೆಯುವುದನ್ನು, ಎಂಜಿನ್ ಬಿಚ್ಚಿ ಜೋಡಿಸುವುದನ್ನು ಕಲಿತದ್ದು ಇಂಥ ಕೆಲಸದಲ್ಲೇ. ಇವತ್ತಿನ ಬೆಂಗಳೂರಿನ ಕೈಗಾರಿಕೆಗೆ ಅದು ದೊಡ್ಡ ಪಾಠಶಾಲೆ ಆಯಿತು. ಅದೇ ಕಾರ್ಖಾನೆ ಮುಂದೆ ಎಚ್‌ಎಎಲ್ ಆಯಿತು. ನಾನು ಕೆಲಸ ಕಲಿತ ಮೇಷ್ಟ್ರಿಗೆ ಕಲಿಸಿದವರು ಎಚ್‌ಎಎಲ್‌ನವರೇ. ಹಾಗಾಗಿ ಈ ತಗಡುಗಳು ನನಗೆ ಪರದೇಶದ ವಸ್ತು ಅನ್ನಿಸಲಿಲ್ಲ.

ಸಿಬ್ಬಂದಿ 'ಹಾಟ್ ಆ್ಯಸ್ ಹೆಲ್' ಎಂಬ ಬಾಂಬರ್ ಕಥೆ ಹೇಳಿದರು. 1944ರ ಜನವರಿ 25ರಂದು ಕುನ್‌ಮಿಂಗ್‌ನಿಂದ ಚಾಬುವಾಕ್ಕೆ ಹೊರಟ ಬಿ-24 ವಿಮಾನ. ಒಳಗೆ ಎಂಟು ಜನ. ಮೋಡದಲ್ಲಿ ಹೊಕ್ಕದ್ದು ಹೊರಗೆ ಬರಲಿಲ್ಲ. 2006ರಲ್ಲಿ ಅರಿಜೋನಾದ ಕ್ಲೇಟನ್ ಕೂಲ್ಸ್ ಎಂಬುವರು ಮೇಲಿನ ಸಿಯಾಂಗ್‌ನ ದಾಮ್ರೋ ಹಳ್ಳಿಯ ಕಡೆಯ ಬೆಟ್ಟದಲ್ಲಿ ಅದನ್ನು ಗುರುತಿಸಿದರು. ಕೂಲ್ಸ್ ಹೀಗೆ ಇಪ್ಪತ್ತಕ್ಕೂ ಹೆಚ್ಚು ವಿಮಾನಗಳ ಜಾಗ ಪತ್ತೆ ಮಾಡಿದ್ದಾರೆ. ಕೊನೆಗೆ 2016ರಲ್ಲಿ ದೆಹಲಿಯಿಂದ ಅವಶೇಷ ಹೊತ್ತ ಪೆಟ್ಟಿಗೆ ಅಮೆರಿಕಕ್ಕೆ ಹೋಯಿತು. ಅದರಲ್ಲಿದ್ದವರು ಲೆಫ್ಟಿನೆಂಟ್ ರಾಬರ್ಟ್ ಆಕ್ಸ್‌ಫರ್ಡ್ ಎಂದು ಗೊತ್ತಾಗಿ, 2017ರಲ್ಲಿ ಜಾರ್ಜಿಯಾದ ಅವರ ಊರಿನಲ್ಲೇ ಮಣ್ಣು ಮಾಡಿದರು. ಬಿದ್ದು 73 ವರ್ಷ ಆಗಿತ್ತು.

"ಪತ್ತೆ ಮಾಡಿದರು ಅಂತಾರೆ," ಎಂದರು ಆ ಸಿಬ್ಬಂದಿ. "ಆದರೆ ದಾರಿ ತೋರಿಸಿದ್ದು ನಮ್ಮ ಬೇಟೆಗಾರರು. ಅವರಿಗೆ ಯಾವತ್ತೂ ಅದು ಕಳೆದುಹೋಗಿರಲಿಲ್ಲ."

ಸಿಯಾಂಗ್ ಪಕ್ಕದ ರಸ್ತೆ

ಮೇಲಿನ ಊರುಗಳಿಗೆ ಹೋಗುವ ಸುಮೋಗಳು ಬೆಳಗ್ಗೆ ಐದೂವರೆ, ಆರಕ್ಕೆಲ್ಲ ಹೊರಡುತ್ತವೆ. ಹಿಂದಿನ ಸಂಜೆಯೇ ಕೌಂಟರ್‌ನಲ್ಲಿ ಸೀಟು ಹೇಳಿಟ್ಟರೆ ಮಧ್ಯದ ಸಾಲು ಸಿಗುತ್ತದೆ. ಹಿಂದಿನ ಸಾಲಿನಲ್ಲಿ ಕೂತರೆ ಸೊಂಟ ಕೇಳುವುದೇ ಬೇಡ. ಎಟಿಎಂ ಕೆಲಸವನ್ನೂ ಪಾಸಿಘಾಟ್‌ನಲ್ಲೇ ಮುಗಿಸಿದೆವು.

ಊರು ದಾಟಿದ ಕೂಡಲೇ ಸಿಯಾಂಗ್ ಜೊತೆಯಾಯಿತು. ಟಿಬೆಟ್‌ನಲ್ಲಿ ಸಾಂಗ್‌ಪೋ ಆಗಿದ್ದ ನದಿ ಇಲ್ಲಿ ಸಿಯಾಂಗ್, ಕೆಳಗೆ ಅಸ್ಸಾಂನಲ್ಲಿ ಬ್ರಹ್ಮಪುತ್ರ. ಚಳಿಗಾಲದಲ್ಲಿ ಅದರ ಬಣ್ಣ ದಟ್ಟ ಹಸಿರು. ಎರಡೂ ಕಡೆ ಕಡಿದಾದ ಬೆಟ್ಟ, ಬೆಟ್ಟದ ಮೇಲೆ ನೆತ್ತಿವರೆಗೂ ಕಾಡು. ಕಿಟಕಿಯಿಂದ ಮೇಲೆ ನೋಡುತ್ತಾ ಹೋದೆ. ಮೋಡ ಕವಿದ ರಾತ್ರಿಯಲ್ಲಿ, ಸರಿಯಾದ ನಕ್ಷೆ ಇಲ್ಲದೆ, ಮೂಗಿಗೆ ಆಕ್ಸಿಜನ್ ಕಟ್ಟಿಕೊಂಡು ಇದರ ಮೇಲೆ ಹಾರಿದವರು ಇಪ್ಪತ್ತು, ಇಪ್ಪತ್ತೆರಡು ವರ್ಷದ ಹುಡುಗರು. ನಮ್ಮ ವರ್ಕ್‌ಶಾಪ್‌ಗೆ ಐಟಿಐ ಮುಗಿಸಿ ಬರುವ ಹುಡುಗರ ವಯಸ್ಸು.

ಪಾಂಗಿನ್‌ಗೆ ಇನ್ನೂ ಸ್ವಲ್ಪ ದೂರ ಇರುವಾಗ ಗುಡ್ಡ ಜರಿದು ರಸ್ತೆ ಮುಚ್ಚಿತ್ತು. ಹಿಂದಿನ ರಾತ್ರಿ ಅಕಾಲ ಮಳೆ ಬಂದಿತ್ತಂತೆ. ಜೆಸಿಬಿ ಬಂದು ಮಣ್ಣು ತಳ್ಳುವವರೆಗೂ ಎಲ್ಲರೂ ಇಳಿದು ಕೂತೆವು. ಯಾರೂ ರೇಗಲಿಲ್ಲ. ಒಬ್ಬ ಹೆಂಗಸು ಬುಟ್ಟಿಯಿಂದ ಕಿತ್ತಳೆ ತೆಗೆದು ಗಾಡಿಯಲ್ಲಿದ್ದವರಿಗೆಲ್ಲ ಹಂಚಿದರು. ಆ ಹೊತ್ತಿನಲ್ಲೇ ಮಾತಿಗೆ ಸಿಕ್ಕವರು ನಾವು ಹೋಗಬೇಕಿದ್ದ ಹಳ್ಳಿಯ ಮೇಷ್ಟ್ರು. ವಿಮಾನ ನೋಡಲು ಬಂದಿದ್ದೇವೆ ಎಂದಾಗ ಅವರು ನಗಲಿಲ್ಲ. "ಮೊದಲು ಜಿ.ಬಿ.ಯನ್ನು ಕೇಳಿ. ಅವರು ಹೂಂ ಅಂದರೆ ಎಲ್ಲ ಆಗುತ್ತೆ," ಎಂದರು. ಜಿ.ಬಿ. ಅಂದರೆ ಗಾಂವ್ ಬುಢಾ, ಊರಿನ ಹಿರಿಯ ಮುಖ್ಯಸ್ಥ. ಸರ್ಕಾರ ಕೊಟ್ಟ ಕೆಂಪು ಕೋಟು ಹಾಕುತ್ತಾರೆ.

ಮೂರು ಗಂಟೆ ಕಾದ ಮೇಲೆ ಗಾಡಿ ಹೊರಟಿತು. ಹಳ್ಳಿ ಮುಟ್ಟಿದಾಗ ರಾತ್ರಿ.

ಹಳ್ಳಿಯಲ್ಲಿ

ಹಳ್ಳಿಯ ಹೆಸರು ಬರೆಯುವುದಿಲ್ಲ. ಕಾರಣ ಮುಂದೆ ಹೇಳುತ್ತೇನೆ. ಸಿಯಾಂಗ್ ಸೇರುವ ಒಂದು ಹೊಳೆಯ ಮೇಲ್ದಂಡೆ, ಆದಿ ಎಂಬ ಬುಡಕಟ್ಟಿನ ಜನರ ಊರು, ಅಷ್ಟು ಸಾಕು.

ಮನೆಗಳೆಲ್ಲ ಕಂಬದ ಮೇಲೆ ನಿಂತಿವೆ. ಬಿದಿರಿನ ನೆಲ, ಬಿದಿರಿನ ಗೋಡೆ, ತೊಕೊ ಎಂಬ ತಾಳೆ ಜಾತಿಯ ಮರದ ಎಲೆ ಹೊದೆಸಿದ ಮಾಡು. ನಡುಮನೆಯಲ್ಲಿ ಒಲೆ, ಒಲೆಯ ಮೇಲೆ ಅಟ್ಟಣಿಗೆ, ಅಟ್ಟಣಿಗೆಯಲ್ಲಿ ಹೊಗೆಗೆ ಒಣಗುವ ಮಾಂಸ. ಜಿ.ಬಿ. ನಮ್ಮನ್ನು ಒಲೆ ಪಕ್ಕ ಕೂರಿಸಿ ಅಪೊಂಗ್ ಕೊಟ್ಟರು. ಅಕ್ಕಿಯಿಂದ ಮಾಡುವ ಪೇಯ. ಹೊಟ್ಟು ಸುಟ್ಟ ಬೂದಿ ಸೇರಿಸುವುದರಿಂದ ಕಪ್ಪು ಬಣ್ಣ, ಕುಡಿದರೆ ತೆಳುವಾದ ಸಿಹಿ, ಹಿಂದೆಯೇ ಸ್ವಲ್ಪ ಕಹಿ. ಬೇಡವೆನ್ನುವವರು ಒಂದು ಗುಟುಕು ಮುಟ್ಟಿಸಿ ಇಟ್ಟರೂ ಅವರು ಬೇಸರ ಮಾಡಿಕೊಳ್ಳುವುದಿಲ್ಲ.

ನಾವು ಬಂದ ಕಾರಣ ಹೇಳಿದೆ. ಜಿ.ಬಿ. ಎರಡೇ ಪ್ರಶ್ನೆ ಕೇಳಿದರು. "ಏನಾದರೂ ತೆಗೆದುಕೊಂಡು ಹೋಗ್ತೀರಾ?" ಇಲ್ಲ ಎಂದೆ. "ಫೋಟೋ ಯಾರಿಗೆ ಕೊಡ್ತೀರಿ?" ಪಾಸಿಘಾಟ್ ಮ್ಯೂಸಿಯಂಗೆ ಎಂದೆ. ಸ್ವಲ್ಪ ಹೊತ್ತು ಬೆಂಕಿ ಕೆದಕಿದರು. ಆಮೇಲೆ ಒಬ್ಬ ಹುಡುಗನನ್ನು ಕಳಿಸಿ ಬೇಟೆಗಾರ ಅಜ್ಜನನ್ನು ಕರೆಸಿದರು.

ಅಜ್ಜನಿಗೆ ಎಪ್ಪತ್ತು ದಾಟಿರಬೇಕು. ಸಣ್ಣ ದೇಹ, ಸೊಂಟದಲ್ಲಿ ದಾವ್ ಎಂಬ ಉದ್ದ ಕತ್ತಿ, ಕಾಲಲ್ಲಿ ಗಮ್‌ಬೂಟ್. ಆ ವಿಮಾನವನ್ನು ಮೊದಲು ನೋಡಿದ್ದು ಅವರ ಅಪ್ಪ. ಬಲೆ ಹಾಕಲು ಹೋದಾಗ ಮರಗಳ ನಡುವೆ ಏನೋ ಹೊಳೆಯಿತಂತೆ. ಆಗ ಊರಿನವರು ಹತ್ತಿರ ಹೋಗಲು ಹೆದರಿದ್ದರು. "ಆಮೇಲೆ ಭೂಕಂಪ ಬಂತು. ಬೆಟ್ಟವೇ ಜಾರಿತು. ಒಂದು ರೆಕ್ಕೆ ಹಳ್ಳಕ್ಕೆ ಹೋಯಿತು ಅಂತ ಅಪ್ಪ ಹೇಳೋರು," ಎಂದರು. ಅದು 1950ರ ಆಗಸ್ಟ್ 15ರ ಭೂಕಂಪ. 8.6 ತೀವ್ರತೆ. ದೇಶ ಸ್ವಾತಂತ್ರ್ಯೋತ್ಸವ ಮಾಡುತ್ತಿದ್ದ ದಿನ ಈ ಕಣಿವೆಗಳಲ್ಲಿ ಬೆಟ್ಟಗಳು ಕುಸಿದು ನದಿಗಳೇ ಕಟ್ಟಿಕೊಂಡಿದ್ದವು. ಬಿದ್ದ ವಿಮಾನಗಳಲ್ಲಿ ಎಷ್ಟನ್ನು ಆ ಮಣ್ಣು ನುಂಗಿತೋ.

ಬೆಳಗ್ಗೆ ಮನೆಯ ಕೆಳಗೆ ಹಂದಿಗಳಿಗೆ ಹಾಕುತ್ತಿದ್ದ ತೊಟ್ಟಿ ನೋಡಿ ನಾನು ನಿಂತೆ. ತಗಡನ್ನು ಬಡಿದು ದೋಣಿಯಾಕಾರಕ್ಕೆ ಬಗ್ಗಿಸಿದ್ದರು. ಅಂಚಿನುದ್ದಕ್ಕೂ ರಿವೆಟ್ ಸಾಲು. ಒಂದರಿಂದ ಇನ್ನೊಂದಕ್ಕೆ ಅಂತರ ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ. ಎಣ್ಣೆ, ಎಂಜಲು, ಮಣ್ಣು ಎಲ್ಲ ಕಂಡರೂ ತಗಡು ತೂತಾಗಿರಲಿಲ್ಲ. ಹೀಗೆ ತಂದು ಬಳಸಿದ್ದನ್ನು ಕೆಲವರು ಲೂಟಿ ಎನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಉಪ್ಪಿಗೂ ಕಬ್ಬಿಣಕ್ಕೂ ವಾರಗಟ್ಟಲೆ ನಡೆಯಬೇಕಿದ್ದ ಕಾಲದಲ್ಲಿ, ತುಕ್ಕು ಹಿಡಿಯದ ಲೋಹ ಕಾಡಿನಲ್ಲಿ ಸಿಕ್ಕರೆ ಯಾರು ಬಿಡುತ್ತಾರೆ? ಇದೇ ಕಾಡಿನ ಜನ ಪ್ಯಾರಾಚೂಟ್‌ನಲ್ಲಿ ಇಳಿದ ಎಷ್ಟೋ ಪೈಲಟ್‌ಗಳಿಗೆ ಅನ್ನ ಹಾಕಿ, ದಾರಿ ತೋರಿಸಿ ಕೆಳಗೆ ಮುಟ್ಟಿಸಿದ್ದಾರೆ. ಈಗ ಆನ್‌ಲೈನ್‌ನಲ್ಲಿ ಮಾರಲು ನಂಬರ್ ಪ್ಲೇಟ್ ಕಿತ್ತುಕೊಂಡು ಹೋಗುವವರದ್ದು ಬೇರೆ ಕಥೆ. ಅವರ ಮೇಲೆ ನನಗೆ ಸಿಟ್ಟಿದೆ.

ಕಾಡಿಗೆ

ಅಜ್ಜ, ಅವರ ಮೊಮ್ಮಗ, ನಾವಿಬ್ಬರು ಹೊರಟೆವು. ಅಕ್ಕಿ, ಉಪ್ಪು, ಒಣಮೀನು, ರಾಜಾ ಮೆಣಸಿನಕಾಯಿ, ಪ್ಲಾಸ್ಟಿಕ್ ಶೀಟ್ ಇಷ್ಟೇ ಸಾಮಾನು. ಮೊದಲು ಬೆತ್ತ ಮತ್ತು ಬಿದಿರಿನ ತೂಗುಸೇತುವೆ. ನಡುವಿಗೆ ಬಂದಾಗ ಅದು ಅಡ್ಡಡ್ಡ ಓಲಾಡುತ್ತದೆ. ಕೆಳಗೆ ನೋಡದೆ, ನಿಲ್ಲದೆ, ಒಂದೇ ಲಯದಲ್ಲಿ ನಡೆದರೆ ದಾಟುವುದು ಸುಲಭ.

ಆಚೆ ದಡದಲ್ಲಿ ದೊಡ್ಡ ಏಲಕ್ಕಿ ತೋಟ. ಭಾವ ಬಗ್ಗಿ ಬುಡ ನೋಡಿದರು, ಎಲೆ ಮುರಿದು ಮೂಸಿದರು. ಅವರಿಗೂ ಅಜ್ಜನಿಗೂ ಹಿಂದಿಯಲ್ಲಿ ಅರ್ಧಂಬರ್ಧ ಮಾತು ಶುರುವಾಯಿತು. ಬೆಲೆ ಏನು, ರೋಗ ಯಾವುದು, ಮಂಗನ ಕಾಟ ಇದೆಯಾ. ಅಲ್ಲಿಂದ ಮುಂದೆ ಅವರಿಬ್ಬರೂ ಒಂದೇ ಊರಿನವರ ಹಾಗೆ ನಡೆದರು. ಒಂದು ತಿರುವಿನಲ್ಲಿ ಮಿಥುನ್ ಅಡ್ಡ ನಿಂತಿತ್ತು. ಕಪ್ಪು ಮೈ, ಬಿಳಿ ಕಾಲು, ನಮ್ಮ ಕಾಟಿಯ ನೆಂಟ. ಸಾಕಿದ್ದೇ, ಆದರೆ ಇರುವುದು ಕಾಡಿನಲ್ಲಿ. ಅಜ್ಜ ಜೇಬಿನಿಂದ ಉಪ್ಪು ತೆಗೆದು ನೆಕ್ಕಿಸಿದರು. ಅದು ಪಕ್ಕಕ್ಕೆ ಸರಿಯಿತು.

ಏಲಕ್ಕಿ ಮುಗಿದ ಮೇಲೆ ಕಾಡುಬಾಳೆ, ಬಿದಿರು, ಮರದಷ್ಟು ಎತ್ತರದ ಜರಿಗಿಡ. ಮಧ್ಯಾಹ್ನದ ಹೊತ್ತಿಗೆ ಮತ್ತೆ ಮಳೆ ಹನಿಯಿತು, ಇಂಬಳಗಳು ಎದ್ದವು. ನವೆಂಬರ್‌ನಲ್ಲಿ ಇರುವುದಿಲ್ಲ ಎಂದಿದ್ದರು, ಒಂದು ಮಳೆ ಸಾಕಾಯಿತು. ಭಾವ ಊರಿನಿಂದಲೇ ಹೊಗೆಸೊಪ್ಪು, ಸುಣ್ಣದ ಪೊಟ್ಟಣ ತಂದಿದ್ದರು. ಕಾಲ್ಚೀಲಕ್ಕೆ ತಿಕ್ಕಿಕೊಂಡೆವು. ಅಜ್ಜ ಆ ಪೊಟ್ಟಣ ತೆಗೆದುಕೊಂಡು ನೋಡಿ, ಸ್ವಲ್ಪ ಬಾಯಿಗೂ ಹಾಕಿಕೊಂಡರು. ಇಂಬಳಕ್ಕಿಂತ ಕೆಟ್ಟದ್ದು ಇಲ್ಲಿಯ ದಿಮ್‌ದಾಮ್ ನೊಣ. ಕಚ್ಚಿದ್ದೇ ಗೊತ್ತಾಗುವುದಿಲ್ಲ, ಆಮೇಲೆ ರಕ್ತದ ಚುಕ್ಕೆ, ಒಂದು ವಾರ ಕಡಿತ. ಉದ್ದ ತೋಳಿನ ಅಂಗಿ ಬಿಟ್ಟು ಬೇರೆ ಔಷಧಿ ಇಲ್ಲ.

ಸಂಜೆಯ ಏರಿನಲ್ಲಿ ನನ್ನ ಬಲಗಾಲಿನ ಶೂ ಅಟ್ಟೆ ಪೂರ್ತಿ ಕಳಚಿಕೊಂಡಿತು. ಮೊಮ್ಮಗ ಬೆತ್ತ ಸೀಳಿ ದಾರದಂತೆ ಮಾಡಿ ಸುತ್ತಿ ಬಿಗಿದ. ಊರಿಗೆ ವಾಪಸ್ ಬರುವವರೆಗೂ ಆ ಕಟ್ಟು ಸಡಿಲವಾಗಲಿಲ್ಲ. ಈ ಕಾಡಿಗೆ ದುಬಾರಿ ಟ್ರೆಕ್ಕಿಂಗ್ ಶೂಗಿಂತ ಪಾಸಿಘಾಟ್ ಬಜಾರಿನ ಗಮ್‌ಬೂಟೇ ಸರಿ.

ರಾತ್ರಿ ಬೇಟೆಗಾರರ ಜೋಪಡಿ. ಬಿದಿರಿನ ಕೊಳವೆಯಲ್ಲಿ ಅನ್ನ ಬೇಯಿಸಿದರು. ಅಜ್ಜ ಹೇಳಿದರು, "ನಾಳೆ ಅಲ್ಲಿ ಜೋರಾಗಿ ಕೂಗಬೇಡಿ." ಯಾಕೆ ಎಂದು ನಾವೂ ಕೇಳಲಿಲ್ಲ.

ವಿಮಾನದ ಹತ್ತಿರ

ಮೊದಲು ಕಂಡದ್ದು ಒಂದು ಚಕ್ರ. ಇಳಿಜಾರಿನಲ್ಲಿ, ಬೇರುಗಳ ನಡುವೆ, ಅರ್ಧ ಹೂತಿತ್ತು. ಟೈರಿನ ರಬ್ಬರ್ ಬಿರುಕು ಬಿಟ್ಟಿದ್ದರೂ ಗುಂಡಗೇ ಇತ್ತು. ಅದಕ್ಕೆ ಸೇರಿದ ಸ್ಟ್ರಟ್‌ನ ಕ್ರೋಮ್ ಭಾಗವನ್ನು ಮೊಮ್ಮಗ ಅಂಗೈಯಿಂದ ಒರೆಸಿದ. ನನ್ನ ಮುಖ ಕಾಣಿಸಿತು.

ಇನ್ನೂ ಇಪ್ಪತ್ತು ಹೆಜ್ಜೆ ಮೇಲೆ ಹೋದಾಗ ಬಾಲ. ಪೂರ್ತಿ ಬಾಲ. ಎರಡು ಮರಗಳ ನಡುವೆ ಸಿಕ್ಕಿಕೊಂಡು ಸ್ವಲ್ಪ ವಾಲಿ ನಿಂತಿತ್ತು. ಒಂದೇ ದುಂಡನೆಯ ಲಂಬ ರೆಕ್ಕೆ. ಬಿ-24 ಆಗಿದ್ದರೆ ಎರಡು ಇರಬೇಕಿತ್ತು. ಅದರ ಹಿಂದೆ, ವಿಮಾನವನ್ನು ಎಡಬಲಕ್ಕೆ ತಿರುಗಿಸುವ ರಡ್ಡರ್‌ನಲ್ಲಿ ಬರೀ ಪಕ್ಕೆಲುಬು. ತಗಡು ಕಿತ್ತುಹೋದದ್ದಲ್ಲ, ಅಲ್ಲಿ ಮೊದಲಿಂದಲೂ ತಗಡು ಇರಲಿಲ್ಲ. ಸಿ-47 ವಿಮಾನದ ರಡ್ಡರ್, ಮೂತಿಯನ್ನು ಮೇಲೆ ಕೆಳಗೆ ಮಾಡುವ ಎಲಿವೇಟರ್‌ಗಳಿಗೆ ಬಟ್ಟೆ ಹೊದೆಸುತ್ತಿದ್ದರು. ಬಟ್ಟೆ ಕೊಳೆತಿದೆ, ಚೌಕಟ್ಟು ಉಳಿದಿದೆ. ನಮ್ಮ ವಾಯುಪಡೆಯವರು ಡಕೋಟಾ ಎನ್ನುತ್ತಿದ್ದ ವಿಮಾನ ಇದೇ. 1947ರ ಅಕ್ಟೋಬರ್‌ನಲ್ಲಿ ಶ್ರೀನಗರಕ್ಕೆ ನಮ್ಮ ಸೈನಿಕರನ್ನು ಇಳಿಸಿದ್ದು ಇಂಥವೇ.

ಯುದ್ಧ ಮುಗಿದ ಮೇಲೂ ಈ ಬೆಟ್ಟಗಳಲ್ಲಿ ಅಕ್ಕಿ ಉಪ್ಪು ಬೀಳಿಸಲು ಡಕೋಟಾಗಳು ಹಾರುತ್ತಿದ್ದವು. ಹಾಗಾಗಿ ಇದು ಯಾರದ್ದು ಎಂಬ ಪ್ರಶ್ನೆ ಉಳಿಯಿತು. ಪಾಚಿಯ ಕೆಳಗೆ ಉತ್ತರ ಇತ್ತು. ಹೊಟ್ಟೆಯ ಬದಿಯಲ್ಲಿ ಮಾಸಿದ ನೀಲಿ, ಅದರೊಳಗೆ ಬಿಳಿ ನಕ್ಷತ್ರ, ನಕ್ಷತ್ರದ ಎರಡೂ ಕಡೆ ಬಿಳಿ ಪಟ್ಟಿ. ಅಮೆರಿಕದವರು ಆ ಪಟ್ಟಿಗಳನ್ನು ಸೇರಿಸಿದ್ದು 1943ರ ನಡುವಿನಲ್ಲಿ. ಅಂದರೆ ಇದು ಅಮೆರಿಕದ್ದೇ, ಬಿದ್ದದ್ದು ಅದರ ನಂತರವೇ.

ಇಷ್ಟು ಮಳೆಯಲ್ಲಿ ಇಷ್ಟು ಚೆನ್ನಾಗಿ ಹೇಗೆ ಉಳಿಯಿತು ಎಂದು ಭಾವ ಕೇಳಿದರು. ಒಳಬದಿಯ ತಗಡಿನ ಮೇಲೆ ಅಚ್ಚಾದ ಅಕ್ಷರ ತೋರಿಸಿದೆ. ಇಂಗ್ಲಿಷಿನಲ್ಲಿ 'ಆಲ್‌ಕ್ಲಾಡ್ 24ಎಸ್-ಟಿ'. ಮಸಿ ಇನ್ನೂ ಓದುವಷ್ಟು ಉಳಿದಿತ್ತು. ಗಟ್ಟಿತನಕ್ಕೆಂದು ತಾಮ್ರ ಬೆರೆಸಿದ ಅಲ್ಯೂಮಿನಿಯಂ ಬೇಗ ಕೊಳೆಯುತ್ತದೆ. ಅದಕ್ಕೆ ಎರಡೂ ಬದಿ ಶುದ್ಧ ಅಲ್ಯೂಮಿನಿಯಂನ ತೆಳು ಪದರ ಹತ್ತಿಸಿರುತ್ತಾರೆ. ಮೇಲ್ಪದರ ಗಾಳಿಗೆ ತಾನೇ ಒಂದು ಪೊರೆ ಕಟ್ಟಿಕೊಂಡು ಒಳಗಿನದನ್ನು ಕಾಯುತ್ತದೆ. ಕಬ್ಬಿಣದ ಬೋಲ್ಟ್ ತಾಗಿದ ಕಡೆ, ಕತ್ತರಿಸಿದ ಅಂಚಿನ ಕಡೆ ಮಾತ್ರ ಬಿಳಿ ಪುಡಿಯಾಗಿತ್ತು. ಉಗುರಿನಿಂದ ಗೀರಿದರೆ ಉದುರುತ್ತದೆ. ಬೋಲ್ಟ್‌ಗಳು ತುಕ್ಕು ಹಿಡಿದು ಊದಿದ್ದವು. ಆದರೆ ರಿವೆಟ್ ಸಾಲು, ಎಂಬತ್ತು ವರ್ಷದ ಮೇಲೂ, ಬೆರಳು ಆಡಿಸಿದರೆ ಒಂದೂ ಎದ್ದಿಲ್ಲ. ಅದನ್ನು ಹೊಡೆದವರು ಯಾವ ಕಾರ್ಖಾನೆಯವರೋ, ನನಗೆ ಅವರಿಗೆ ಕೈ ಮುಗಿಯಬೇಕು ಅನ್ನಿಸಿತು.

ಮುಂಭಾಗ ಸುಟ್ಟು, ಕರಗಿ, ಮಣ್ಣಿನೊಳಗೆ ಹೋಗಿತ್ತು. ಅಜ್ಜ ಅಲ್ಲಿ ನಮ್ಮನ್ನು ತಡೆದರು. ಬಿದಿರಿನ ಲೋಟದಿಂದ ಅಪೊಂಗ್ ಸ್ವಲ್ಪ ನೆಲಕ್ಕೆ ಸುರಿದು ಏನೋ ಹೇಳಿಕೊಂಡರು. ಭಾವ ಚಪ್ಪಲಿ ಬಿಡುವವರಂತೆ ಟೋಪಿ ತೆಗೆದು ನಿಂತರು. ಆ ಕಡೆ ನಾವು ಕಾಲಿಡಲಿಲ್ಲ, ಮಣ್ಣು ಕೆದಕಲಿಲ್ಲ. ಇಂಥ ಜಾಗದಲ್ಲಿ ಮಣ್ಣಿನೊಳಗೆ ಮನುಷ್ಯರಿರಬಹುದು. ಅದನ್ನು ತೆಗೆಯಲು ತಿಳಿದವರಿದ್ದಾರೆ. ಅಮೆರಿಕದ ಸರ್ಕಾರ ಅದಕ್ಕೆಂದೇ ಒಂದು ಸಂಸ್ಥೆ ನಡೆಸುತ್ತದೆ. ಅವರು ಮಣ್ಣನ್ನು ಜರಡಿ ಹಿಡಿದು, ಅಂಗಿಯ ಒಂದು ಗುಂಡಿಯನ್ನೂ ಬಿಡದೆ ನೋಡುತ್ತಾರೆ. ಸುಮ್ನೆ ಕುತೂಹಲಕ್ಕೆ ಕೆದಕಿದರೆ ಅವರ ಕೆಲಸ ಕೆಡುತ್ತದೆ.

ಎಂಜಿನ್ ಒಂದು ಹಳ್ಳದ ಅಂಚಿಗೆ ಉರುಳಿ ಬಂದಿತ್ತು. ಎಲೆ ಸರಿಸಿ ಎಣಿಸಿದೆ. ಮುಂದಿನ ಸಾಲಿನಲ್ಲಿ ಏಳು ಸಿಲಿಂಡರ್, ಹಿಂದೆ ಏಳು. ಡಕೋಟಾಗಳಿಗೆ ಹಾಕುತ್ತಿದ್ದ, ಪ್ರಾಟ್ ಆ್ಯಂಡ್ ವಿಟ್ನಿ ಕಂಪನಿಯ ಟ್ವಿನ್ ವಾಸ್ಪ್ ಎಂಜಿನ್. ಸಿಲಿಂಡರ್‌ನ ತಂಪಿನ ರೆಕ್ಕೆಗಳ ಸಂದಿನಲ್ಲಿ ಮಣ್ಣು ತುಂಬಿ, ಅದರಲ್ಲಿ ಪುಟ್ಟ ಜರಿಗಿಡಗಳು ಸಾಲಾಗಿ ಬೆಳೆದಿದ್ದವು. ಕವಚದ ಮೇಲೆ ಬೆರಳುದ್ದದ ಲೋಹದ ಪಟ್ಟಿ. ಅಜ್ಜ ಒದ್ದೆ ಎಲೆ ಕಿವುಚಿ ಅದನ್ನು ಒರೆಸಿದರು. ಅಂಕಿಗಳು ಎದ್ದವು. ಮೂರು ಕೋನದಿಂದ ಫೋಟೋ ತೆಗೆದೆ, ಪಟ್ಟಿಯನ್ನು ಮುಟ್ಟಲಿಲ್ಲ. ಸ್ಕ್ರೂ ಸಡಿಲವಾಗಿತ್ತು, ಎಳೆದರೆ ಕೈಗೆ ಬರುತ್ತಿತ್ತು. ಆದರೆ ಎಂಜಿನ್‌ನಿಂದ ಬೇರೆಯಾದ ಆ ಪಟ್ಟಿಗೆ ಬೆಲೆಯೇ ಇಲ್ಲ. ಬಾಲದ ಮೇಲೆ ಬರೆದ ನಂಬರ್‌ನಲ್ಲಿ ಮೂರು ಅಂಕಿ ಉಳಿದಿತ್ತು, ಉಳಿದದ್ದು ಬಣ್ಣದ ಜೊತೆ ಹೋಗಿದೆ.

ವಾಪಸ್ ಪಾಸಿಘಾಟ್

ಇಳಿಯುವುದು ಏರುವುದಕ್ಕಿಂತ ಮಂಡಿಗೆ ಕಷ್ಟ ಕೊಟ್ಟಿತು. ಹಳ್ಳಿಯಲ್ಲಿ ಜಿ.ಬಿ. ನಮ್ಮ ಬ್ಯಾಗ್ ನೋಡಲಿಲ್ಲ, ಫೋಟೋ ಮಾತ್ರ ನೋಡಿದರು. ಊರಿನ ಹುಡುಗರೆಲ್ಲ ಮುತ್ತಿಕೊಂಡರು. ಅವರಲ್ಲಿ ಜಾಸ್ತಿ ಜನ ಆ ಜಾಗಕ್ಕೆ ಹೋಗಿಯೇ ಇಲ್ಲ. ಬೇಟೆ ಕಡಿಮೆಯಾಗಿದೆ, ಓದಲು ಇಟಾನಗರಕ್ಕೆ ಹೋಗುತ್ತಾರೆ. ದಾರಿ ಬಲ್ಲವರು ಅಜ್ಜ, ಮೊಮ್ಮಗ, ಇನ್ನಿಬ್ಬರು ಅಷ್ಟೇ. ಅಜ್ಜನಂಥವರು ಇರುವಾಗಲೇ ಹಳ್ಳಿ ಹಳ್ಳಿಗೂ ಹೋಗಿ ಈ ಜಾಗಗಳನ್ನು ಬರೆದಿಡುವ ಕೆಲಸ ಆಗಬೇಕು. ಈಗಲೂ ನೂರಾರು ಜನರ ಮನೆಯವರಿಗೆ ಎಲ್ಲಿ ಬಿದ್ದರು ಎಂಬುದೇ ಗೊತ್ತಿಲ್ಲ.

ಪಾಸಿಘಾಟ್ ಮ್ಯೂಸಿಯಂನಲ್ಲಿ ಅದೇ ಸಿಬ್ಬಂದಿ ಸಿಕ್ಕರು. ಫೋಟೋಗಳನ್ನು ಕಂಪ್ಯೂಟರ್‌ಗೆ ಹಾಕಿ ದೊಡ್ಡದು ಮಾಡಿದರು. ಬಾಲದ ಮೂರು ಅಂಕಿ ನೋಡಿ ತಲೆ ಆಡಿಸಿದರು, ಎಂಜಿನ್ ಪಟ್ಟಿ ಬಂದಾಗ ಕುರ್ಚಿ ಮುಂದೆ ಎಳೆದುಕೊಂಡರು. 1943ರಿಂದ ಈಚೆಗೆ ಕಾಣೆಯಾದ ಅಮೆರಿಕದ ವಿಮಾನಗಳಿಗೆಲ್ಲ ಒಂದು ವರದಿ ಬರೆಯುತ್ತಿದ್ದರು. ಅದರಲ್ಲಿ ಒಳಗಿದ್ದವರ ಹೆಸರು, ಹೊರಟ ಜಾಗ, ಆ ದಿನದ ಹವಾಮಾನದ ಜೊತೆಗೆ ಎಂಜಿನ್‌ಗಳ ನಂಬರನ್ನೂ ಬರೆಯಲು ಜಾಗ ಇರುತ್ತಿತ್ತು. ಒಂದು ಎಂಜಿನ್ ನಂಬರ್ ಹೊಂದಿಕೆಯಾದರೆ ವಿಮಾನ ಯಾವುದು, ಒಳಗಿದ್ದವರು ಯಾರು ಎಲ್ಲ ಸಿಗುತ್ತದೆ. ಅವರು ಅಂಕಿಗಳನ್ನು ಒಂದೊಂದಾಗಿ ಓದಿದರು, ಭಾವ ಕಾಗದದ ಮೇಲೆ ಬರೆದುಕೊಂಡರು, ನಾನು ಫೋಟೋ ನೋಡಿ ತಾಳೆ ಹಾಕಿದೆ. ಕೊನೆಯ ಅಂಕಿ ಮೂರೋ ಎಂಟೋ ಎಂಬ ಗೊಂದಲ ಬಂತು. ಮೂರನೇ ಕೋನದ ಫೋಟೋದಲ್ಲಿ ಅದು ಎಂಟು ಎಂದು ಖಚಿತವಾಯಿತು.

ಎಲ್ಲವನ್ನೂ ಅವರಿಗೆ ಒಪ್ಪಿಸಿದ್ದೇವೆ. ಅಮೆರಿಕದ ಸಂಸ್ಥೆಗೆ ಅವರೇ ಕಳಿಸುತ್ತಾರೆ. ಇದಕ್ಕೇ ಹಳ್ಳಿಯ ಹೆಸರು ಬರೆಯಲಿಲ್ಲ. ಆ ಸಡಿಲವಾದ ಪಟ್ಟಿ ಅದೇ ಎಂಜಿನ್ ಮೇಲೆ ಇರಬೇಕು. ನೀವೂ ಹೋಗುವುದಾದರೆ ನೇರವಾಗಿ ಈ ಮ್ಯೂಸಿಯಂಗೆ ಹೋಗಿ ಮಾತಾಡಿ. ಅವರು ಯಾವ ಜಿ.ಬಿ.ಯನ್ನು ಕಾಣಬೇಕು ಎಂದು ಹೇಳುತ್ತಾರೆ. ಡಿಸೆಂಬರ್, ಜನವರಿ ಇನ್ನೂ ಒಳ್ಳೆಯ ತಿಂಗಳು, ಕಿತ್ತಳೆಯೂ ಸಿಗುತ್ತದೆ. ಅಜ್ಜನಿಗೆ ಕೊಡಲು ನಿಮ್ಮ ಊರಿನ ಹೊಗೆಸೊಪ್ಪು ಸ್ವಲ್ಪ ಜಾಸ್ತಿಯೇ ಇಟ್ಟುಕೊಳ್ಳಿ. ಭಾವ ಮುಂದಿನ ವರ್ಷಕ್ಕೆ ಆಗಲೇ ಒಂದು ಕಟ್ಟು ತೆಗೆದಿಟ್ಟಿದ್ದಾರೆ.